ಹಳೇ ಸ್ಟೀರಿಯೋಗೆ ಸಬ್‌ವೂಫರ್ ಸೇರಿಸುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಚಿಕ್ಕಮಗಳೂರಿನ ಸುತ್ತಮುತ್ತ ಹಳೇ ಸ್ಟೀರಿಯೋ ಇರುವ ಮನೆಗಳು ನಾವು ಅಂದುಕೊಂಡಿದ್ದಕ್ಕಿಂತ ಜಾಸ್ತಿ. ಎಸ್ಟೇಟ್ ಬಂಗಲೆಯ ಹಾಲ್‌ನಲ್ಲಿ, ಮೂಡಿಗೆರೆ ಕಡೆಯ ಅಟ್ಟದಲ್ಲಿ, ಕೊಪ್ಪದ ತೊಟ್ಟಿ ಮನೆಯ ಮೂಲೆಯಲ್ಲಿ ಹಳೇ ಸೀರೆ ಹೊದ್ದು ಕೂತಿರುತ್ತವೆ. ಮಗನೋ ಮಗಳೋ ಒಂದು ದಿನ ಅದನ್ನು ಕೆಳಗಿಳಿಸಿ ಹಾಡಿಸುತ್ತಾರೆ. ಒಂದು ತಿಂಗಳು ಖುಷಿಯೋ ಖುಷಿ. ಆಮೇಲೆ "ಬೇಸ್ ಯಾಕೋ ಕಮ್ಮಿ ಅನ್ನಿಸ್ತದೆ" ಅಂತ ನನ್ನ ಹತ್ತಿರ ಬರುತ್ತಾರೆ. ಫೋನಿನಲ್ಲಿ, ಪತ್ರದಲ್ಲಿ, ಒಮ್ಮೆ ಮದುವೆ ಊಟದ ಪಂಕ್ತಿಯಲ್ಲಿ ಕೂಡ ಕೇಳಿದ್ದಾರೆ. ಆ ಪ್ರಶ್ನೆಗಳನ್ನು ಕೇಳಿದ ಮಾತಿನಲ್ಲೇ ಇಲ್ಲಿ ಹಾಕಿದ್ದೇನೆ. ಸಬ್‌ವೂಫರ್, ಚುಟುಕಾಗಿ ಸಬ್, ಅಂದರೆ ಆಳದ ಬೇಸ್ ಮಾತ್ರ ನುಡಿಸುವ ಪ್ರತ್ಯೇಕ ಸ್ಪೀಕರ್ ಬಾಕ್ಸ್.

ನನ್ನದೊಂದು ಹಠ ಇದೆ, ಮೊದಲೇ ಹೇಳಿಬಿಡುತ್ತೇನೆ. ಹಳೇ ಸೆಟ್ಟನ್ನು ಬಿಚ್ಚದೆ ಆಗುವ ದಾರಿ ಇದ್ದರೆ ನಾನು ಹೇಳುವುದು ಅದನ್ನೇ.

## ತರುವ ಮೊದಲು

ನಮ್ಮಪ್ಪನ ಕಾಲದ ದೊಡ್ಡ ಸ್ಪೀಕರ್ ಇದೆ. ಅದಕ್ಕೂ ಸಬ್‌ವೂಫರ್ ಬೇಕಾ?

ಬೇಡದೇ ಇರಬಹುದು. 1970ರ ದಶಕದ ಎಷ್ಟೋ ಜಪಾನಿ ಸ್ಪೀಕರ್‌ಗಳಲ್ಲಿ 10 ಅಥವಾ 12 ಇಂಚಿನ ವೂಫರ್, ಅಂದರೆ ಬೇಸ್ ನುಡಿಸುವ ದೊಡ್ಡ ಕೋನ್, ಇರುತ್ತದೆ. ಅವು ಸರಿಯಾಗಿ ಕೆಲಸ ಮಾಡುತ್ತಿದ್ದರೆ ಹೆಚ್ಚಿನ ಸಂಗೀತಕ್ಕೆ ಸಾಕು. ಬೇಸ್ ಗಿಟಾರ್‌ನ ಅತಿ ಕೆಳಗಿನ ತಂತಿ ಸುಮಾರು 41 ಹರ್ಟ್ಸ್, ಅಂದರೆ ಸೆಕೆಂಡಿಗೆ 41 ಕಂಪನ. ಪಿಯಾನೋದ ಕೊನೆಯ ಮನೆ 27.5 ಹರ್ಟ್ಸ್, ಆದರೆ ಅದನ್ನು ಮುಟ್ಟುವವರು ಕಡಿಮೆ.

ಸಬ್ ನಿಜವಾಗಿ ಬೇಕಾಗುವುದು 5, 6 ಇಂಚಿನ ಸಣ್ಣ ಸ್ಪೀಕರ್ ಇರುವವರಿಗೆ. ಅವು 60, 70 ಹರ್ಟ್ಸ್‌ನ ಕೆಳಗೆ ಸುಸ್ತಾಗುತ್ತವೆ. ಮೊದಲು ಒಂದು ಪರೀಕ್ಷೆ ಮಾಡಿ. ಎರಡೂ ಸ್ಪೀಕರ್‌ಗಳ ಪ್ಲಸ್, ಮೈನಸ್ ಒಂದೇ ರೀತಿ ಹಾಕಿದೆಯಾ ನೋಡಿ. ಒಂದು ಕಡೆ ಉಲ್ಟಾ ಆಗಿದ್ದರೆ ಬೇಸ್ ಒಂದನ್ನೊಂದು ಹೊಡೆದು ಹಾಕುತ್ತದೆ. "ಬೇಸ್ ಇಲ್ಲ" ಅಂತ ಬಂದವರಲ್ಲಿ ಕೆಲವರನ್ನು ನಾನು ಎರಡು ವೈರ್ ಅದಲು ಬದಲು ಮಾಡಿಯೇ ಕಳಿಸಿದ್ದೇನೆ.

ಹಳೇ ಹಾಡಲ್ಲಿ ಬೇಸ್ ಎಲ್ಲಿದೆ ಸಾರ್?

ಒಳ್ಳೇ ಪ್ರಶ್ನೆ. ಹಳೇ ಸಿನಿಮಾ ಹಾಡುಗಳ ರೆಕಾರ್ಡಿಂಗ್‌ನಲ್ಲಿ ತೀರಾ ಕೆಳಗಿನ ಬೇಸ್ ಕಡಿಮೆ. ಇಲ್ಲದ್ದನ್ನು ಸಬ್ ಹುಟ್ಟಿಸುವುದಿಲ್ಲ. ಆದರೆ ಮೃದಂಗದ ಎಡಗಡೆಯ ತೊಪ್ಪಿಯ ಗುಮುಕಿ, ತಬಲಾದ ಡಗ್ಗ, ಡೊಳ್ಳು ಇವಕ್ಕೆಲ್ಲ ಮೈ ಬರುತ್ತದೆ. ಕೋಣೆ ಸ್ವಲ್ಪ ದೊಡ್ಡದಾದ ಹಾಗೆ ಅನ್ನಿಸುತ್ತದೆ. ಡಿಜೆ ಗಾಡಿಯ ಗುದ್ದು ಬೇಕಿದ್ದರೆ ಹಳೇ ಸ್ಟೀರಿಯೋ ಅದಕ್ಕೆ ಸರಿಯಾದ ಜಾಗ ಅಲ್ಲ.

ಸಬ್ ತರುವ ಮೊದಲು ಸೆಟ್‌ನಲ್ಲಿ ಏನೇನು ನೋಡಿಕೊಳ್ಳಬೇಕು?

ಮೊದಲು ವೋಲ್ಟೇಜ್. ಜಪಾನಿನೊಳಗೆ ಮಾರಲು ಮಾಡಿದ ಸೆಟ್ 100 ವೋಲ್ಟ್‌ದು, ಅಮೆರಿಕದಿಂದ ತಂದದ್ದು 120. ನಮ್ಮ 230ಕ್ಕೆ ನೇರ ಹಾಕಿದರೆ ಮುಗಿಯಿತು. ಕೆಲವು ಸೆಟ್‌ಗಳ ಹಿಂದೆ ವೋಲ್ಟೇಜ್ ಬದಲಾಯಿಸುವ ಸ್ವಿಚ್ ಇರುತ್ತದೆ, ಅದು ಎಲ್ಲಿ ನಿಂತಿದೆ ನೋಡಿ. ಹೊಸ ಸಬ್‌ನ ಹಿಂದೆಯೂ 115, 230 ಅಂತ ಸ್ವಿಚ್ ಇರಬಹುದು.

ಆಮೇಲೆ ವೂಫರ್ ಸುತ್ತಲಿನ ಫೋಮ್ ಪಟ್ಟಿ. ವರ್ಷಗಳಾದ ಮೇಲೆ ಅದು ಬೆರಳು ಮುಟ್ಟಿದರೆ ಪುಡಿಯಾಗುತ್ತದೆ. ಪಟ್ಟಿ ಹರಿದ ವೂಫರ್‌ನಿಂದ ಬೇಸ್ ಬರುವುದಿಲ್ಲ, ಬರ್ ಅಂತ ಸದ್ದು ಬರುತ್ತದೆ. ಪಟ್ಟಿ ಮಾತ್ರ ಬದಲಾಯಿಸಬಹುದು, ಇಡೀ ಸ್ಪೀಕರ್ ಎಸೆಯಬೇಡಿ.

ವಾಲ್ಯೂಮ್ ತಿರುಗಿಸಿದಾಗ ಕರಕರ ಅಂದರೆ ಕಾಂಟ್ಯಾಕ್ಟ್ ಕ್ಲೀನರ್ ಸಾಕು. ಕೊನೆಯದಾಗಿ, ಮಲ್ಟಿಮೀಟರ್ ಇದ್ದರೆ ವಾಲ್ಯೂಮ್ ಸೊನ್ನೆಗಿಟ್ಟು ಸ್ಪೀಕರ್ ಟರ್ಮಿನಲ್‌ನಲ್ಲಿ ಡಿಸಿ ವೋಲ್ಟೇಜ್ ನೋಡಿ. 50 ಮಿಲಿವೋಲ್ಟ್‌ನ ಒಳಗಿದ್ದರೆ ನಿಶ್ಚಿಂತೆ. ಅರ್ಧ ವೋಲ್ಟ್, ಒಂದು ವೋಲ್ಟ್ ತೋರಿಸಿದರೆ ಸಬ್ ಆಸೆ ಪಕ್ಕಕ್ಕಿಟ್ಟು ಮೊದಲು ಮೆಕ್ಯಾನಿಕ್ ಹತ್ತಿರ ಹೋಗಿ.

ಬಾಕ್ಸ್ ಮೇಲೆ ಪಿಎಂಪಿಒ 3000 ವ್ಯಾಟ್ ಅಂತ ಬರೆದಿದೆ. ಜೋರು ಇರಬೇಕು ಅಲ್ವಾ?

ಆ ಅಂಕಿಗೆ ಅರ್ಥ ಇಲ್ಲ. ಆರ್‌ಎಂಎಸ್, ಅಂದರೆ ಬಿಡದೆ ಕೊಡಬಲ್ಲ ನಿಜವಾದ ಶಕ್ತಿ, ಎಷ್ಟು ಅಂತ ಕೇಳಿ. ಸಾಧಾರಣ ಹಾಲ್‌ಗೆ ಒಳಗೇ ಆಂಪ್ಲಿಫೈಯರ್ ಇರುವ 8 ಅಥವಾ 10 ಇಂಚಿನ ಸಬ್, 100 ವ್ಯಾಟ್ ಆರ್‌ಎಂಎಸ್ ಆಸುಪಾಸು, ಸಾಕು. ತೂತು ಇಲ್ಲದ ಮುಚ್ಚಿದ ಬಾಕ್ಸ್ ಸಿಕ್ಕರೆ ನನ್ನ ಮತ ಅದಕ್ಕೇ. ಸದ್ದು ಸ್ವಲ್ಪ ಕಡಿಮೆ, ಆದರೆ ಬಿಗಿಯಾಗಿರುತ್ತದೆ. ಹಳೇ ಸ್ಪೀಕರ್ ಜೊತೆ ಬೇಗ ಹೊಂದಿಕೊಳ್ಳುತ್ತದೆ.

ಹೋಮ್ ಥಿಯೇಟರ್ ಕೆಟ್ಟಿದೆ, ಅದರ ವೂಫರ್ ಬಾಕ್ಸ್ ಚೆನ್ನಾಗಿದೆ. ಅದನ್ನೇ ಹಾಕ್ಲಾ?

ಬಾಕ್ಸ್‌ಗೆ ಅದರದೇ ಕರೆಂಟ್ ವೈರ್ ಇದೆಯಾ ನೋಡಿ. ಇದ್ದರೆ, ಒಳಗೆ ಆಂಪ್ ಇದ್ದರೆ, ಪ್ರಯತ್ನ ಮಾಡಬಹುದು. ಇಲ್ಲದಿದ್ದರೆ ಅದು ಸುಮ್ನೆ ಒಂದು ಸ್ಪೀಕರ್ ಅಷ್ಟೇ, ಹಳೇ ಆಂಪ್‌ಗೆ ತಗುಲಿಸಬೇಡಿ.

ಇದನ್ನು ನಾನು ಓದಿ ಕಲಿತದ್ದಲ್ಲ. ಕಾಲೇಜು ದಿನಗಳಲ್ಲಿ ಕಾರಿನ ವೂಫರ್ ಬಾಕ್ಸ್ ಒಂದನ್ನು ಅಪ್ಪನ ಆಂಪ್‌ಗೆ, ಇದ್ದ ಸ್ಪೀಕರ್ ಪಕ್ಕದಲ್ಲೇ ಸೇರಿಸಿದೆ. ಕಾರಿನ ವೂಫರ್ 4 ಓಮ್. ಮನೆಯ ಸ್ಪೀಕರ್ 8 ಓಮ್. ಎರಡೂ ಸೇರಿದರೆ ಆಂಪ್‌ಗೆ ಕಾಣುವುದು ಸುಮಾರು 2.7 ಓಮ್, ಈ ತಡೆ ಕಮ್ಮಿಯಾದಷ್ಟೂ ಆಂಪ್‌ಗೆ ಭಾರ ಜಾಸ್ತಿ. ಮೂರು ಹಾಡು ಅದ್ಭುತವಾಗಿ ಬಂತು. ನಾಲ್ಕನೆಯದರ ನಡುವೆ ಬಲಗಡೆ ಸತ್ತು ಹೋಯಿತು, ಸುಟ್ಟ ವಾಸನೆ ಬಂತು. ಔಟ್‌ಪುಟ್ ಟ್ರಾನ್ಸಿಸ್ಟರ್ ಹುಡುಕಿಕೊಂಡು ಬೆಂಗಳೂರಿನ ಎಸ್‌ಪಿ ರೋಡ್‌ಗೆ ಎರಡು ಸಲ ಹೋದೆ. ಅಪ್ಪ ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು.

## ವೈರ್ ಎಲ್ಲಿಂದ ಎಲ್ಲಿಗೆ

ನಮ್ಮ ಆಂಪ್ ಹಿಂದೆ ಸಬ್ ಔಟ್ ಅಂತ ಜಾಗವೇ ಇಲ್ಲ. ಈಗೇನು ಮಾಡೋದು?

ಇರುವುದಿಲ್ಲ. ಆ ಕಾಲದ ಸ್ಟೀರಿಯೋಗಳಲ್ಲಿ ಅದು ವಾಡಿಕೆಯೇ ಇರಲಿಲ್ಲ. ಹಾಗಂತ ತಲೆ ಕೆಡಿಸಿಕೊಳ್ಳಬೇಡಿ. ಸಬ್ ಕೊಳ್ಳುವಾಗ ಅದರ ಹಿಂದೆ "ಹೈ ಲೆವೆಲ್" ಅಥವಾ "ಸ್ಪೀಕರ್ ಲೆವೆಲ್" ಇನ್‌ಪುಟ್, ಅಂದರೆ ಸ್ಪೀಕರ್ ವೈರನ್ನೇ ನೇರ ಹಾಕುವ ಜಾಗ, ಇದೆಯಾ ನೋಡಿ. ಹಳೇ ಸೆಟ್ ಇರುವವರು ಅಂಗಡಿಯಲ್ಲಿ ಕೇಳಬೇಕಾದ ಮೊದಲ ಮಾತು ಇದೇ. ಈಗಿನ ಎಷ್ಟೋ ಸಬ್‌ಗಳಲ್ಲಿ ಸಣ್ಣ ಪಿನ್ ಹಾಕುವ ತೂತು ಮಾತ್ರ ಇರುತ್ತದೆ. ಅಂಗಡಿಯವರು "ಎಲ್ಲಾ ಒಂದೇ" ಅನ್ನುತ್ತಾರೆ. ಒಂದೇ ಅಲ್ಲ.

ಹಾಕುವ ಕ್ರಮ ಸುಲಭ. ಎರಡರ ಪ್ಲಗ್ಗೂ ಕಿತ್ತಿಡಿ. ಆಂಪ್‌ನ ಎಡಗಡೆ ಟರ್ಮಿನಲ್‌ನಲ್ಲಿ ಸ್ಪೀಕರ್ ವೈರ್ ಈಗಾಗಲೇ ಇದೆ. ಅದರ ಜೊತೆಗೇ ಇನ್ನೊಂದು ಜೋಡಿ ವೈರ್ ಸೇರಿಸಿ, ಸಬ್‌ನ ಎಡ ಇನ್‌ಪುಟ್‌ಗೆ ಒಯ್ಯಿರಿ. ಕೆಂಪಿಗೆ ಕೆಂಪು, ಕಪ್ಪಿಗೆ ಕಪ್ಪು. ಬಲಗಡೆಯೂ ಹಾಗೇ. ಸ್ಪೀಕರ್‌ಗಳು ಇದ್ದಲ್ಲೇ ಇರುತ್ತವೆ. ಸಬ್‌ನ ಹಿಂದೆ "ಔಟ್" ಅಂತ ಇನ್ನೊಂದು ಸಾಲು ಇದ್ದರೆ ಖಾಲಿ ಬಿಡಿ. ಆರ್‌ಇಎಲ್ ತರಹದ ಕೆಲವು ಕಂಪನಿಗಳ ವೈರ್‌ನಲ್ಲಿ ಮೂರೇ ಎಳೆ ಇರುತ್ತದೆ. ಕೆಂಪು ಬಲಗಡೆಯ ಪ್ಲಸ್‌ಗೆ, ಹಳದಿ ಎಡಗಡೆಯ ಪ್ಲಸ್‌ಗೆ, ಕಪ್ಪು ಯಾವುದಾದರೂ ಒಂದು ಮೈನಸ್‌ಗೆ.

ಎಚ್ಚರ ಬೇಕಾದ್ದು ಒಂದೇ. ವೈರ್‌ನ ಒಂದು ಎಳೆ ತಾಮ್ರ ಪಕ್ಕದ ಟರ್ಮಿನಲ್ ಮುಟ್ಟಿದರೂ ಶಾರ್ಟ್. ತುದಿಯನ್ನು ಚೆನ್ನಾಗಿ ಹೊಸೆದು ಸೋಲ್ಡರ್ ಸವರಿ. ಹಳೇ ಸ್ಪ್ರಿಂಗ್ ಕ್ಲಿಪ್‌ಗಳಲ್ಲಿ ಎರಡು ವೈರ್ ಹಿಡಿಯುವುದೇ ಕಷ್ಟ, ಆದ್ದರಿಂದ ತೆಳು ವೈರ್ ತಗೊಳ್ಳಿ. ಇಲ್ಲಿ ಹರಿಯುವ ಕರೆಂಟ್ ಬಹಳ ಕಡಿಮೆ. ಬೆರಳು ದಪ್ಪದ ದುಬಾರಿ ವೈರ್ ಬೇಡವೇ ಬೇಡ.

ಹಾಗೆ ಹಾಕಿದ್ರೆ ಆಂಪ್‌ಗೆ ಭಾರ ಆಗಲ್ವಾ? ನಿಮ್ಮದು ಸುಟ್ಟಿತು ಅಂದ್ರಿ!

ನನ್ನದು ಸುಟ್ಟದ್ದು ವೂಫರ್‌ನ ಸುರುಳಿಯನ್ನೇ ನೇರ ಸೇರಿಸಿದ್ದಕ್ಕೆ. ಹೈ ಲೆವೆಲ್ ಇನ್‌ಪುಟ್ ಹಾಗಲ್ಲ. ಅದರ ತಡೆ ಸಾಮಾನ್ಯವಾಗಿ ಸಾವಿರಾರು ಓಮ್. 8 ಓಮ್ ಸ್ಪೀಕರ್ ಪಕ್ಕದಲ್ಲಿ ಅದು ಆಂಪ್‌ಗೆ ಲೆಕ್ಕಕ್ಕೇ ಇಲ್ಲ. ಸಬ್ ಇಲ್ಲಿ ಕಿವಿಗೊಟ್ಟು ಕೇಳುತ್ತದೆ ಅಷ್ಟೇ. ವೂಫರ್ ತಳ್ಳುವ ಶಕ್ತಿಯನ್ನು ತನ್ನ ಸ್ವಂತ ಆಂಪ್‌ನಿಂದ ತಗೊಳ್ಳುತ್ತದೆ. ಹಳೇ ಆಂಪ್‌ನ ದನಿಯ ಗುಣ ಕೂಡ ಸಬ್‌ಗೆ ಹಾಗೇ ಹೋಗುತ್ತದೆ ಅನ್ನುವುದು ನನಗೆ ಇಷ್ಟವಾದ ವಿಷಯ.

ಸ್ಪೀಕರ್ "ಬಿ" ಖಾಲಿ ಇದೆ. ಅದಕ್ಕೆ ಹಾಕಬಹುದಾ?

ಬಹಳ ಒಳ್ಳೇ ಉಪಾಯ. ಬಿ ಅಂದರೆ ಎರಡನೇ ಜೋಡಿ ಸ್ಪೀಕರ್‌ಗೆ ಇಟ್ಟ ಜಾಗ. ಎ ಮತ್ತು ಬಿ ಎರಡೂ ಒತ್ತಿದರೆ ಸಬ್ ಸೇರುತ್ತದೆ, ಎ ಮಾತ್ರ ಒತ್ತಿದರೆ ಬಿಡುತ್ತದೆ. ಆದರೆ ಕೆಲವು ರಿಸೀವರ್‌ಗಳಲ್ಲಿ (ರೇಡಿಯೋ ಸೇರಿದ ಆಂಪ್) ಎರಡೂ ಒತ್ತಿದಾಗ ಎ ಮತ್ತು ಬಿ ಸೀರೀಸ್‌ನಲ್ಲಿ, ಅಂದರೆ ಒಂದರ ಹಿಂದೆ ಒಂದಾಗಿ, ಬರುತ್ತವೆ. ಆಗ ಸಬ್‌ನ ಸಾವಿರಾರು ಓಮ್ ನಡುವೆ ನಿಂತು ಸ್ಪೀಕರ್ ದನಿಯೇ ಅಡಗಿ ಹೋಗುತ್ತದೆ. ಎರಡೂ ಒತ್ತಿದ ತಕ್ಷಣ ಹಾಡು ಪಿಸುಗುಟ್ಟಿದರೆ ನಿಮ್ಮದು ಆ ಜಾತಿ. ಏನೂ ಕೆಟ್ಟಿಲ್ಲ. ವೈರ್ ತೆಗೆದು ಎ ಗೇ ಹಾಕಿ.

ಟೇಪ್ ಔಟ್‌ನಿಂದ ತಗೊಂಡ್ರೆ?

ಬೇಡ. ಅದು ಕ್ಯಾಸೆಟ್‌ಗೆ ರೆಕಾರ್ಡ್ ಮಾಡಲು ಇಟ್ಟ ಜಾಗ, ಅಲ್ಲಿ ವಾಲ್ಯೂಮ್ ನಾಬ್‌ನ ಮಾತು ನಡೆಯುವುದಿಲ್ಲ. ನೀವು ದನಿ ತಗ್ಗಿಸಿದರೂ ಸಬ್ ತನ್ನ ಪಾಡಿಗೆ ಗುಡುಗುತ್ತಿರುತ್ತದೆ.

ಎಡ, ಬಲ ಎರಡರ ಕಪ್ಪು ವೈರ್ ಒಂದೇ ಕಡೆ ಸೇರಿದ್ರೆ ಪರವಾಗಿಲ್ವಾ?

ಹೆಚ್ಚಿನ ಹಳೇ ಸ್ಟೀರಿಯೋಗಳಲ್ಲಿ ಪರವಾಗಿಲ್ಲ, ಒಳಗೇ ಸೇರಿರುತ್ತವೆ. ಆದರೂ ನೋಡಿಯೇ ಮುಂದುವರಿಯಿರಿ. ಪ್ಲಗ್ ಕಿತ್ತು, ಸ್ಪೀಕರ್ ವೈರ್ ಬಿಡಿಸಿ, ಮಲ್ಟಿಮೀಟರನ್ನು ಬೀಪ್ ಸ್ಥಾನಕ್ಕಿಟ್ಟು ಎರಡು ಕಪ್ಪು ಟರ್ಮಿನಲ್ ಮುಟ್ಟಿಸಿ. ಬೀಪ್ ಬಂದರೆ ಸರಿ. ಬರದಿದ್ದರೆ ಅಲ್ಲಿಗೇ ನಿಲ್ಲಿಸಿ. ಅದು ಬ್ರಿಡ್ಜ್ ಮಾಡಿದ ಆಂಪ್, ಅಂದರೆ ಕಪ್ಪು ಟರ್ಮಿನಲ್‌ನಲ್ಲೂ ಸಿಗ್ನಲ್ ಇರುವಂಥದ್ದು, ಇರಬಹುದು. ಎಷ್ಟೋ ಸಬ್‌ಗಳು ಎರಡು ಕಪ್ಪನ್ನೂ ಒಳಗೆ ಜೋಡಿಸಿಕೊಂಡಿರುತ್ತವೆ, ಹಾಕಿದ ಕೂಡಲೇ ಶಾರ್ಟ್ ಆಗುತ್ತದೆ.

## ಇಡುವುದು, ಹೊಂದಿಸುವುದು

ಮೂಲೆಯಲ್ಲೇ ಇಡಬೇಕು ಅಂತಾರೆ, ನಿಜವಾ?

ಮೂಲೆಯಲ್ಲಿ ಜೋರಾಗಿ ಕೇಳುತ್ತದೆ, ಅದು ನಿಜ. ಚೆನ್ನಾಗಿ ಕೇಳುತ್ತದೆ ಅನ್ನುವ ಭರವಸೆ ಇಲ್ಲ.

ಕಾರಣ ಕೋಣೆ. ಶಬ್ದ ಸೆಕೆಂಡಿಗೆ ಸುಮಾರು 343 ಮೀಟರ್ ಓಡುತ್ತದೆ. ನಿಮ್ಮ ಕೋಣೆ 12 ಅಡಿ ಉದ್ದ ಇದ್ದರೆ ಸುಮಾರು 47 ಹರ್ಟ್ಸ್‌ನ ಅಲೆ ಎರಡು ಗೋಡೆಗಳ ನಡುವೆ ಸರಿಯಾಗಿ ಸಿಕ್ಕಿಕೊಳ್ಳುತ್ತದೆ. 10 ಅಡಿಗೆ 56. ಆ ಸ್ವರ ಬಂದಾಗಲೆಲ್ಲ ಗೋಡೆ ಪಕ್ಕ ಕೂತವರಿಗೆ ಕಿವಿ ಗುಂ ಅನ್ನುತ್ತದೆ, ಕೋಣೆಯ ಮಧ್ಯೆ ಕೂತವರಿಗೆ ಆ ಸ್ವರವೇ ಮಾಯ. ಲಕ್ಷ ರೂಪಾಯಿಯ ಸಬ್ ತಂದರೂ ಇದು ಹೋಗುವುದಿಲ್ಲ. ಜಾಗ ಬದಲಾಯಿಸಬೇಕು.

ನಮ್ಮ ಕಡೆ ಮನೆಗಳಲ್ಲಿ ಇನ್ನೊಂದು ವಿಷಯ ಇದೆ. ಟೌನ್‌ನ ಕಾಂಕ್ರೀಟ್ ಮನೆಯಲ್ಲಿ ಗೋಡೆ, ಚಾವಣಿ ಎಲ್ಲಾ ಗಟ್ಟಿ. ಬೇಸ್ ಹೊರಗೆ ಹೋಗದೆ ಒಳಗೇ ಸುತ್ತುತ್ತದೆ, ಬೇಗ ಅತಿಯಾಗುತ್ತದೆ. ಹೆಂಚಿನ ಮನೆಯಲ್ಲಿ ಅರ್ಧ ಬೇಸ್ ಹೆಂಚಿನ ಸಂದಿಯಲ್ಲೇ ಹೊರಟು ಹೋಗುತ್ತದೆ. ತೊಟ್ಟಿ ಮನೆ ಅಂದರೆ ಕೇಳುವುದೇ ಬೇಡ, ನಡುವೆ ಆಕಾಶವೇ ತೆರೆದಿದೆ. ಅಲ್ಲಿ 8 ಇಂಚು ಸಾಲದು. ಜಗಲಿಯಲ್ಲಿಟ್ಟು ಕೇಳುವ ಬದಲು ಬಾಗಿಲಿರುವ ಕೋಣೆಗೆ ಸೆಟ್ ಒಯ್ಯುವುದೇ ವಾಸಿ.

ಜಾಗ ಹುಡುಕುವ ವಿಧಾನ ನೋಡುವವರಿಗೆ ತಮಾಷೆ. ನೀವು ಕೂರುವ ಕುರ್ಚಿ ತೆಗೆದು ಅಲ್ಲಿ ಸಬ್ ಇಡಿ. ಬೇಸ್ ಒಂದೇ ಸಮ ನಡೆಯುವ ಹಾಡು ಹಾಕಿ. ಗೋಡೆ ಪಕ್ಕ ಅಂಬೆಗಾಲಿಡುತ್ತಾ ಕೇಳುತ್ತಾ ಹೋಗಿ. ಎಲ್ಲಾ ಸ್ವರವೂ ಸಮವಾಗಿ, ಗುಂಯ್‌ಗುಡದೆ ಕೇಳುವ ಜಾಗದಲ್ಲಿ ಸಬ್ ಇಡಿ, ಕುರ್ಚಿ ವಾಪಸ್ ತನ್ನಿ. ನಾನು ಹೀಗೆ ತೆವಳುತ್ತಿದ್ದಾಗ ಹಾಲು ಕೊಡಲು ಬಂದವರು "ಏನು ಕಳಕೊಂಡ್ರಿ?" ಅಂತ ತಾವೂ ಬಗ್ಗಿ ಹುಡುಕಿದ್ದರು.

ಹಿಂದೆ ಮೂರು ನಾಬ್ ಇದೆ. ಯಾವುದನ್ನು ಎಲ್ಲಿಗೆ ತಿರುಗಿಸಲಿ?

ಮೊದಲು ಆಂಪ್‌ನ ಬೇಸ್, ಟ್ರೆಬಲ್ ಎರಡೂ ನಡುವೆ ಇಡಿ.

ಕ್ರಾಸೋವರ್, ಅಂದರೆ ಸಬ್ ಎಷ್ಟು ಹರ್ಟ್ಸ್‌ವರೆಗೆ ನುಡಿಸಬೇಕು ಅನ್ನುವ ಗಡಿ: ದೊಡ್ಡ ಸ್ಪೀಕರ್ ಇದ್ದರೆ 50, 60 ಹರ್ಟ್ಸ್‌ನಿಂದ ಶುರು ಮಾಡಿ, ಸಣ್ಣದಕ್ಕೆ 80. ಗಂಡಸರ ದನಿ ಸಬ್ ಕಡೆಯಿಂದ ಬಂದ ಹಾಗೆ ಕೇಳಿದರೆ ಜಾಸ್ತಿ ಆಯಿತು ಅಂತ ಅರ್ಥ. 80ರ ಕೆಳಗಿನ ಶಬ್ದ ಎಲ್ಲಿಂದ ಬರುತ್ತಿದೆ ಅಂತ ಕಿವಿಗೆ ಸುಲಭವಾಗಿ ಗೊತ್ತಾಗುವುದಿಲ್ಲ, ಆ ಗುಟ್ಟಿನ ಮೇಲೇ ಸಬ್ ನಿಂತಿದೆ.

ಫೇಸ್, ಅಂದರೆ ಸಬ್ ಮತ್ತು ಸ್ಪೀಕರ್ ಒಟ್ಟಿಗೆ ತಳ್ಳುತ್ತವೋ ಉಲ್ಟಾ ತಳ್ಳುತ್ತವೋ ಅನ್ನುವುದು: 0 ಮತ್ತು 180. ಕೂತಲ್ಲೇ ಕೂತು ಇನ್ನೊಬ್ಬರ ಕೈಲಿ ಅತ್ತಿತ್ತ ಮಾಡಿಸಿ. ಯಾವುದರಲ್ಲಿ ಬೇಸ್ ತುಂಬಿ ಬರುತ್ತದೋ ಅದೇ ಸರಿ.

ವಾಲ್ಯೂಮ್: ಸೊನ್ನೆಯಿಂದ ನಿಧಾನಕ್ಕೆ ಏರಿಸಿ. "ಓ, ಸಬ್ ಇದೆ" ಅಂತ ಗೊತ್ತಾದ ಕೂಡಲೇ ಸ್ವಲ್ಪ ಹಿಂದಕ್ಕೆ ಬನ್ನಿ. ಒಂದು ವಾರ ಹಾಗೇ ಬಿಡಿ. ಮೊದಲ ದಿನ ಎಲ್ಲರೂ ಜಾಸ್ತಿಯೇ ಇಡುತ್ತಾರೆ, ನಾನೂ ಇಟ್ಟಿದ್ದೆ.

ಲೌಡ್‌ನೆಸ್ ಬಟನ್ ಒತ್ತಿಡಬೇಕಾ?

ಹೊಂದಿಸುವಾಗ ಬೇಡ. ಸಣ್ಣ ದನಿಯಲ್ಲಿ ಕಿವಿಗೆ ಬೇಸ್ ಕಡಿಮೆ ಕೇಳುತ್ತದೆ, ಅದನ್ನು ತುಂಬಲು ಇರುವ ಬಟನ್ ಅದು. ರಾತ್ರಿ ಎಲ್ಲರೂ ಮಲಗಿದ ಮೇಲೆ ಮೆಲ್ಲಗೆ ಕೇಳುವಾಗ ಬೇಕಿದ್ದರೆ ಒತ್ತಿ.

ಹಾಡು ಹಾಕಿದ್ರೆ ನಾಗಂದಿಗೆ ಮೇಲಿನ ಪಾತ್ರೆ ಎಲ್ಲಾ ಗಡಗಡ ಅಂತಾವೆ.

ಫೋನ್‌ನಲ್ಲಿ ಟೋನ್ ಜನರೇಟರ್ ಆಪ್ ಹಾಕಿ 30ರಿಂದ 100 ಹರ್ಟ್ಸ್‌ವರೆಗೆ ನಿಧಾನಕ್ಕೆ ಏರಿಸಿ, ಯಾವುದು ಅದುರುತ್ತದೆ ಹುಡುಕಿ. ಶೋಕೇಸ್ ಗಾಜಿಗೆ ರಬ್ಬರ್ ತುಂಡು, ಪಾತ್ರೆಗಳ ನಡುವೆ ಬಟ್ಟೆ. ನಮ್ಮ ಮನೆಯಲ್ಲಿ ಅದುರುತ್ತಿದ್ದದ್ದು ಹಿತ್ತಾಳೆ ಹಂಡೆಯ ಮುಚ್ಚಳ. ಅದು ಗೊತ್ತಾಗುವ ತನಕ ಸಬ್ಬೇ ಕೆಟ್ಟಿದೆ ಅಂದುಕೊಂಡಿದ್ದೆ.

## ತೊಂದರೆ ಬಂದರೆ

ಸಬ್ ಹಾಕಿದಾಗಿಂದ ಗುಂಯ್ ಅಂತ ಸದ್ದು. ಏನು ಮಾಡೋದು?

ಒಂದೊಂದೇ ಬಿಡಿಸಿ ನೋಡಿ. ಸಬ್‌ಗೆ ಬರುವ ಸಿಗ್ನಲ್ ವೈರ್ ಕಿತ್ತರೂ ಸದ್ದು ಇದ್ದರೆ ಸಬ್‌ನದೇ ದೋಷ. ವೈರ್ ಹಾಕಿದಾಗ ಮಾತ್ರ ಬಂದರೆ ಅದು ಅರ್ಥಿಂಗ್ ಸುತ್ತು. ಸಬ್‌ಗೆ ಮೂರು ಪಿನ್, ಟಿವಿ ಸೆಟ್ ಟಾಪ್ ಬಾಕ್ಸ್ ಇನ್ನೊಂದು ಬೋರ್ಡ್‌ನಲ್ಲಿ, ಅದರ ಡಿಶ್ ಚಾವಣಿ ಮೇಲೆ. ಇವುಗಳ ಅರ್ಥ್ ಬೇರೆ ಬೇರೆ ದಾರಿಯಲ್ಲಿ ಸೇರಿ 50 ಹರ್ಟ್ಸ್ ಗುಂಯ್‌ಗುಡುತ್ತದೆ. ಎಲ್ಲವನ್ನೂ ಒಂದೇ ಬೋರ್ಡ್‌ಗೆ ಹಾಕಿ. ಡಿಶ್ ಕೇಬಲ್ ಬಿಡಿಸಿ ನೋಡಿ. ಮೂರನೇ ಪಿನ್ ಮುರಿಯುವ ಉಪಾಯ ಯಾರಾದರೂ ಹೇಳಿದರೆ ಕೇಳಬೇಡಿ. ಸದ್ದು ಹೋಗಬಹುದು, ಆದರೆ ಒಳಗೆ ಏನಾದರೂ ಕೆಟ್ಟಾಗ ಶಾಕ್ ಹೊಡೆಯುವುದನ್ನು ತಡೆಯುವುದು ಆ ಪಿನ್ನೇ.

ಸಬ್ ತೆಗೆದರೂ ಸ್ಪೀಕರ್‌ನಲ್ಲಿ ಗುಂಯ್ ಇದ್ದರೆ ಹಳೇ ಆಂಪ್‌ನ ದೊಡ್ಡ ಕಂಡೆನ್ಸರ್‌ಗಳಿಗೆ (ಕೆಪ್ಯಾಸಿಟರ್) ವಯಸ್ಸಾಗಿರಬಹುದು. ರೆಕಾರ್ಡ್ ಹಾಕಿದಾಗ ಮಾತ್ರ ಬಂದರೆ ಟರ್ನ್‌ಟೇಬಲ್‌ನ ಅರ್ಥ್ ವೈರ್ ನೋಡಿ. ಕರೆಂಟ್ ಹೋಗಿ ಯುಪಿಎಸ್‌ನಲ್ಲಿ ನಡೆಯುವಾಗ ಮಾತ್ರ ಜುಂಯ್ ಅಂದರೆ ಅದು ಸ್ಕ್ವೇರ್ ವೇವ್ ಇನ್ವರ್ಟರ್‌ನ ಕೆಲಸ. ಆಗ ಹಾಡು ಬಿಟ್ಟು ಕಾಫಿ ಕುಡಿಯಿರಿ.

ರೆಕಾರ್ಡ್ ಹಾಕಿದ್ರೆ ಸಬ್‌ನ ಕೋನ್ ಸುಮ್ನೆ ಒಳಗೂ ಹೊರಗೂ ಆಡುತ್ತೆ, ಸದ್ದೇ ಇಲ್ಲ.

ಸ್ವಲ್ಪ ಸೊಟ್ಟಗಾದ ಎಲ್‌ಪಿ ನಿಮಿಷಕ್ಕೆ 33 ಸುತ್ತು ತಿರುಗುವಾಗ ಸೂಜಿ ಪ್ರತಿ ಸುತ್ತಿಗೂ ಏರಿ ಇಳಿಯುತ್ತದೆ. ಜೊತೆಗೆ ತೋಳು ಮತ್ತು ಸೂಜಿ ಹಿಡಿದ ಕಾರ್ಟ್ರಿಡ್ಜ್ 8ರಿಂದ 12 ಹರ್ಟ್ಸ್ ಹತ್ತಿರ ತಾವೇ ಅಲುಗುತ್ತವೆ. ಕಿವಿಗೆ ಕೇಳದ ಈ ಅಲುಗಾಟವನ್ನು ಸಬ್ ಪ್ರಾಮಾಣಿಕವಾಗಿ ನುಡಿಸಲು ಹೋಗಿ ಸುಸ್ತಾಗುತ್ತದೆ. ಆಂಪ್‌ನಲ್ಲಿ "ಲೋ ಫಿಲ್ಟರ್" ಅಥವಾ "ಸಬ್‌ಸಾನಿಕ್" ಬಟನ್ ಇದ್ದರೆ ಒತ್ತಿ, ಅದು ಇರುವುದೇ ಇದಕ್ಕೆ.

ಸದ್ದು ತಾನೇ ತಾನಾಗಿ ಬೆಳೆದು ಊಳಿಟ್ಟರೆ ಸಬ್‌ನ ಅದುರು ನೆಲದಿಂದ ಸೂಜಿಗೆ ಹತ್ತುತ್ತಿದೆ. ಹಲಗೆ ನೆಲದ ಹಳೇ ಬಂಗಲೆಗಳಲ್ಲಿ ಇದು ಖಾಯಂ. ಟರ್ನ್‌ಟೇಬಲ್ ಅನ್ನು ಗೋಡೆಗೆ ಹೂತ ಕಡಪ ಕಲ್ಲಿನ ಶೆಲ್ಫ್‌ಗೆ ಏರಿಸಿ.

ಮಳೆಗಾಲದಲ್ಲಿ ಏನು ಜಾಗ್ರತೆ?

ಜೂನ್‌ನಿಂದ ಮೂರು ನಾಲ್ಕು ತಿಂಗಳು ನಮ್ಮಲ್ಲಿ ಚಪ್ಪಲಿಗೂ ಬೂಸ್ಟು ಬರುತ್ತದೆ. ಸಬ್‌ನ ಬಾಕ್ಸ್ ಸಾಮಾನ್ಯವಾಗಿ ಒತ್ತಿದ ಮರದ ಪುಡಿಯ ಹಲಗೆ, ನೀರು ಕುಡಿದರೆ ಉಬ್ಬುತ್ತದೆ. ಬೆವರುವ ರೆಡ್ ಆಕ್ಸೈಡ್ ನೆಲದ ಮೇಲೆ ನೇರ ಇಡಬೇಡಿ. ಒಂದು ಮಣೆ, ಅದರ ಕೆಳಗೆ ರಬ್ಬರ್. ಗೋಡೆಯಿಂದ ಒಂದು ಗೇಣು ದೂರ. ವಾರಕ್ಕೆರಡು ಸಲ ಒಂದು ಗಂಟೆ ಹಾಡಿಸಿ, ಒಳಗಿನ ಬಿಸಿಯೇ ಔಷಧಿ. ಬಾಕ್ಸ್‌ಗೆ ತೂತು ಇದ್ದರೆ ಬಳಸದಾಗ ಬಲೆ ಮುಚ್ಚಿ. ಇಲಿಗೆ ಅದಕ್ಕಿಂತ ಬೆಚ್ಚಗಿನ ಬಾಡಿಗೆ ಮನೆ ಸಿಗುವುದಿಲ್ಲ.

ಸಿಡಿಲಿಗೆ?

ಮಾರ್ಚ್, ಏಪ್ರಿಲ್‌ನ ಹೂಮಳೆಯಿಂದಲೇ ಸಿಡಿಲಿನ ಕಾಲ ಶುರು. ಸ್ವಿಚ್ ಆಫ್ ಸಾಲದು. ಪ್ಲಗ್ ಕೀಳಿ, ರೇಡಿಯೋ ಆಂಟೆನಾ ವೈರ್ ಕೂಡ ಕೀಳಿ.

## ಇನ್ನೂ ಮುಂದೆ ಹೋಗುವವರಿಗೆ

ನಮ್ಮ ಆಂಪ್ ಹಿಂದೆ "ಪ್ರೀ ಔಟ್, ಮೇನ್ ಇನ್" ಅಂತ ಯು ಆಕಾರದ ಕಂಬಿ ಇದೆ. ಅದೇನು?

ಅದೃಷ್ಟವಂತರು. ಆಂಪ್‌ನ ಎರಡು ಭಾಗ, ವಾಲ್ಯೂಮ್ ಇರುವ ಮುಂದಿನದು ಮತ್ತು ಸ್ಪೀಕರ್ ತಳ್ಳುವ ಹಿಂದಿನದು, ಅಲ್ಲಿ ಬೇರೆಯಾಗುತ್ತವೆ. ಕಂಬಿ ತೆಗೆದು ಅಲ್ಲಿ ವೈ ಕೇಬಲ್ ಹಾಕಿದರೆ ಒಂದು ಕವಲು ಸಬ್‌ಗೆ, ಇನ್ನೊಂದು ವಾಪಸ್ ಮೇನ್ ಇನ್‌ಗೆ. ವಾಲ್ಯೂಮ್ ಎರಡಕ್ಕೂ ಒಟ್ಟಿಗೆ ಕೆಲಸ ಮಾಡುತ್ತದೆ. ಹೈ ಲೆವೆಲ್ ಇಲ್ಲದ ಸಬ್ ಕೂಡ ನಡೆಯುತ್ತದೆ.

ಇನ್ನೊಂದು ಲಾಭ ಇದೆ. ಮೇನ್ ಇನ್‌ಗೆ ಹೋಗುವ ದಾರಿಯಲ್ಲಿ ಒಂದು ಸಣ್ಣ ಕಂಡೆನ್ಸರ್ ಇಟ್ಟರೆ ಸ್ಪೀಕರ್‌ಗೆ ಆಳದ ಬೇಸ್ ಹೋಗುವುದು ಕಡಿಮೆಯಾಗುತ್ತದೆ, ಸಣ್ಣ ಸ್ಪೀಕರ್ ಹಗುರಾಗಿ ಹಾಡುತ್ತದೆ. ಮೇನ್ ಇನ್‌ನ ತಡೆ 47 ಕಿಲೋಓಮ್ ಆದರೆ 0.047 ಮೈಕ್ರೋಫ್ಯಾರಡ್‌ಗೆ ಸುಮಾರು 72 ಹರ್ಟ್ಸ್ ಬರುತ್ತದೆ. ನಿಮ್ಮ ಸೆಟ್‌ನ ತಡೆ ಬೇರೆ ಇರಬಹುದು, ಅದರ ಸರ್ವೀಸ್ ಮ್ಯಾನುಯಲ್ ನೋಡಿ ಲೆಕ್ಕ ಹಾಕಿ. ಕಂಡೆನ್ಸರನ್ನು ಕೇಬಲ್‌ನೊಳಗೇ ಸೋಲ್ಡರ್ ಮಾಡಿ, ಸೆಟ್‌ನೊಳಗೆ ಬೇಡ. ತೆಗೆದ ಕಂಬಿಗಳನ್ನು ಕವರ್‌ಗೆ ಹಾಕಿ ಸೆಟ್‌ಗೇ ಅಂಟಿಸಿಡಿ. ಕಳೆದರೆ ಆಮೇಲೆ ಪರದಾಟ.

ಎರಡು ಸಬ್ ಇಟ್ರೆ ಎರಡು ಪಟ್ಟು ಚೆನ್ನಾಗಿರುತ್ತಾ?

ಜೋರಿಗಾಗಿ ಬೇಡ, ಸಮಕ್ಕಾಗಿ ಬೇಕಿದ್ದರೆ ಇಡಿ. ಎದುರು ಬದುರು ಗೋಡೆಗಳ ನಡುಭಾಗದಲ್ಲಿ ಎರಡು ಸಣ್ಣ ಸಬ್ ಇಟ್ಟರೆ ಕೋಣೆಯ ಗುಂಯ್ ಬಹಳ ಇಳಿಯುತ್ತದೆ, ಪಕ್ಕದ ಕುರ್ಚಿಯಲ್ಲಿ ಕೂತವರಿಗೂ ಅದೇ ಬೇಸ್ ಸಿಗುತ್ತದೆ. ಒಬ್ಬರೇ ಕೂತು ಕೇಳುವವರಿಗೆ ಒಂದು ಸಾಕು.

ಅಳೆದು ಸರಿ ಮಾಡುವ ಸಾಫ್ಟ್‌ವೇರ್ ಇದೆಯಂತೆ?

ರೂಮ್ ಇಕ್ಯೂ ವಿಝಾರ್ಡ್ ಅಂತ ಇದೆ, ಉಚಿತ. ಯುಎಸ್‌ಬಿ ಮೈಕ್ ಬೇಕು. ಕೋಣೆ ಯಾವ ಸ್ವರದಲ್ಲಿ ಗುಂಯ್ ಅನ್ನುತ್ತದೆ ಅಂತ ಗೆರೆ ಎಳೆದು ತೋರಿಸುತ್ತದೆ. ಮಿನಿಡಿಎಸ್‌ಪಿ ತರಹದ ಪುಟ್ಟ ಪೆಟ್ಟಿಗೆಯನ್ನು ಸಬ್‌ನ ದಾರಿಯಲ್ಲಿಟ್ಟು ಆ ಉಬ್ಬನ್ನು ತಗ್ಗಿಸಬಹುದು. ತಗ್ಗನ್ನು ತುಂಬಲು ಹೋಗಬೇಡಿ. ಕೋಣೆ ನುಂಗುವ ಸ್ವರಕ್ಕೆ ಎಷ್ಟು ಸುರಿದರೂ ನುಂಗುತ್ತದೆ, ಸಬ್‌ನ ಆಂಪ್ ಬೇಯುತ್ತದೆ.

ಮೆಕ್ಯಾನಿಕ್ ಒಬ್ರು "ಹಿಂದೆ ಡ್ರಿಲ್ ಹೊಡೆದು ಸಬ್ ಔಟ್ ಕೂರಿಸಿಕೊಡ್ತೀನಿ" ಅಂದ್ರು. ಮಾಡಿಸ್ಲಾ?

ಬೇಡ. ಡ್ರಿಲ್‌ನ ಲೋಹದ ಪುಡಿ ಬೋರ್ಡ್ ಮೇಲೆ ಬಿದ್ದರೆ ಯಾವತ್ತೋ ಒಂದು ದಿನ ಶಾರ್ಟ್. ವಾಲ್ಯೂಮ್ ಕಂಟ್ರೋಲ್ ಹತ್ತಿರದಿಂದ ಎಳೆದ ವೈರ್ ಗುಂಯ್ ಹಿಡಿಯುತ್ತದೆ. ತೂತು ಮುಚ್ಚಲಾಗುವುದಿಲ್ಲ. ಹೈ ಲೆವೆಲ್ ಇಲ್ಲದ ಸಬ್ ಈಗಾಗಲೇ ತಂದಿದ್ದರೆ, ಸ್ಪೀಕರ್ ವೈರ್‌ನಿಂದ ಸಣ್ಣ ಪಿನ್‌ಗೆ ಇಳಿಸುವ ಕನ್ವರ್ಟರ್ ಕಾರ್ ಸ್ಟೀರಿಯೋ ಅಂಗಡಿಯಲ್ಲಿ ಸಿಗುತ್ತದೆ. ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡದು, ನಾಲ್ಕು ವೈರ್ ಒಳಗೆ, ಎರಡು ಪಿನ್ ಹೊರಗೆ. ಕಪ್ಪು ವೈರ್‌ಗಳ ಬೀಪ್ ಪರೀಕ್ಷೆ ಅದಕ್ಕೂ ಮಾಡಿಕೊಳ್ಳಿ.